ಸತ್ತವನ ಮನೆ ಹುಡುಕಿದ ಪೇದೆಯವರು

ನಮ್ಮ ಸಮನ್ಸ್ ಪೇದೆಯವರ ಬಲಗೈ ಹೆಬ್ಬೆರಳು ನೇರಳೆ ಬಣ್ಣದ್ದು. ಮೂವತ್ತು ವರ್ಷ ಬೆಳ್ತಂಗಡಿ ಸೀಮೆಯ ಮನೆಮನೆಗೆ ಕೋರ್ಟಿನ ಕರೆ ಮುಟ್ಟಿಸಿ, ಓದು ಬಾರದವರ ಕೈಹಿಡಿದು ಹೆಬ್ಬೆಟ್ಟು ಒತ್ತಿಸಿ, ಶಾಯಿ ಅವರ ಚರ್ಮಕ್ಕೇ ಇಳಿದಿತ್ತು. ನಿವೃತ್ತರಾದ ಮೇಲೆ ಗುರುವಾಯನಕೆರೆಯಲ್ಲಿ ನನ್ನ ನೆರೆಯವರಾಗಿ ಬಂದು, ಅದೇ ಬೆರಳಿನಿಂದ ಕಾದಂಬರಿಗಳ ಪುಟ ಮಗುಚತೊಡಗಿದರು. ಕೊಲೆಯಿರುವ ಕಾದಂಬರಿಯೇ ಆಗಬೇಕು. ಉಳಿದವು ಅವರ ಪ್ರಕಾರ ಸಿವಿಲ್ ವ್ಯಾಜ್ಯಗಳು.

ಗ್ರಂಥಾಲಯಕ್ಕೆ ಮರಳುವ ಪುಸ್ತಕದೊಳಗೆ, ಸಮನ್ಸಿನ ಬೆನ್ನಿಗೆ ಬರೆಯುವ ಷರಾದಂತೆ, ಅವರ ಒಂದು ಚೀಟಿ ಇರುತ್ತಿತ್ತು. ಸತ್ತವನ ಹೆಸರು, ಉದ್ಯೋಗ, ಮನೆಯಲ್ಲಿ ಯಾರು ಯಾರು ಎಂಬುದು ಪುಸ್ತಕದಲ್ಲಿ ಸಿಕ್ಕಿದರೆ ‘ಜಾರಿಯಾಗಿದೆ’. ಸಿಗದಿದ್ದರೆ ‘ಮನೆ ಪತ್ತೆಯಾಗಿಲ್ಲ, ವಾಪಾಸು’. ಆಧುನಿಕ ಸಾಹಿತ್ಯದ ಬಹುಭಾಗ ಹೀಗೆ ವಾಪಾಸಾಗಿತ್ತು.

ಶಾಲಾ ಮಾಸ್ತರನಾದ ನಾನೂ ಆಗ ಆಧುನಿಕನಾಗಲು ಹೊರಟಿದ್ದೆ. ನನ್ನ ಮೊದಲ ಕಾದಂಬರಿಯ ನಾಯಕ ಬಂಟ್ವಾಳದ ಸೇತುವೆಯ ಮೇಲೆ ಎದುರು ಬಂದ ಕೊಡೆ ರಿಪೇರಿಯವನನ್ನು ಯಾವ ಕಾರಣವೂ ಇಲ್ಲದೆ ಹೊಳೆಗೆ ನೂಕುತ್ತಾನೆ. ಆಮೇಲೆ ಎಂಬತ್ತು ಪುಟ ಬದುಕಿನ ಅರ್ಥಹೀನತೆಯನ್ನು ಚಿಂತಿಸುತ್ತಾನೆ. ಪ್ರಕಾಶಕರು ಒಪ್ಪಿ, ತಿಂಗಳೊಳಗೆ ಅಂತಿಮ ಪ್ರತಿ ಕೇಳಿದ್ದರು. ಓದಲು ಕೊಟ್ಟಿದ್ದ ಹಸ್ತಪ್ರತಿ ಪೇದೆಯವರಿಂದ ಅದೇ ಚೀಟಿಯೊಂದಿಗೆ ವಾಪಾಸು ಬಂತು.

“ಕಾರಣ ಇಲ್ಲದಿರುವುದೇ ಅದರ ತಿರುಳು,” ಎಂದು ತಕ್ಕ ಗಾಂಭೀರ್ಯದಿಂದ ವಿವರಿಸಿದೆ.

“ಇಲ್ಲದಿದ್ರೆ ಬೇಡ ಮಾಷ್ಟ್ರೇ. ಕೊಂದವನಿಗೆ ಕಾರಣ ಇಲ್ಲ, ಒಪ್ಪಿದೆ. ಸತ್ತವನಿಗೆ ಮನೆಯೂ ಇಲ್ವಾ? ನಿಮ್ಮವ ಎಂಬತ್ತು ಪುಟ ಆಲೋಚನೆ ಮಾಡ್ತಾನೆ, ಅಲ್ಲಿ ಕೊಡೆಯವನ ಅನ್ನ ತಣೀತಾ ಉಂಟು. ನಾಳೆ ಮೂಡುಬಿದಿರೆ ಕಡೆ ಹೋಗುವ. ಒಂದು ಮನೆ ತೋರಿಸ್ತೇನೆ.”

ಬಸ್ಸಿನಲ್ಲಿ ಸಂಗತಿ ಹೇಳಿದರು. ಆ ಮನೆಯ ಯಜಮಾನನನ್ನು ಗುರುತು ಪರಿಚಯವಿಲ್ಲದವನೊಬ್ಬ ಇರಿದು ಕೊಂದಿದ್ದ. ಯಾಕೆಂದು ಕೋರ್ಟಿನಲ್ಲಿ ಕೇಳಿದಾಗ “ಸುಮ್ಮನೆ” ಎಂದಿದ್ದ. ಸಮನ್ಸ್ ಕೊಡಲು ಹೋದಾಗಲೆಲ್ಲ ಸತ್ತವನ ಹೆಂಡತಿ ಪೇದೆಯವರನ್ನೇ ಕೇಳುತ್ತಿದ್ದರು, “ಯಾಕೆ ಅಂತ ಗೊತ್ತಾಯ್ತಾ?” ಪೇದೆಯವರು ಒಂದು ದಿನ ತಿರುಗಿ ಕೇಳಿದರಂತೆ, “ನಿಮ್ಮವರು ಹೇಗೆ ಇದ್ರು ಅಮ್ಮ?” ಅಂದಿನಿಂದ ವರ್ಷಕ್ಕೆರಡು ಸಲ ಅದನ್ನು ಕೇಳಲೆಂದೇ ಹೋಗುತ್ತಿದ್ದರು.

ಆ ಮನೆಯ ಜಗಲಿಯಲ್ಲಿ ಕುಳಿತು ನಾನೂ ಅದನ್ನೇ ಕೇಳಿದೆ. ಆ ಮನುಷ್ಯ ಹಲಸಿನ ಹಣ್ಣನ್ನು ಉಪ್ಪು ಹಾಕಿ ತಿನ್ನುತ್ತಿದ್ದನಂತೆ. ಬಯಲಾಟಕ್ಕೆ ಹೋಗಿ ಮೊದಲ ವೇಷಕ್ಕೇ ನಿದ್ದೆಹೋಗಿ, ಬೆಳಿಗ್ಗೆ ಬಂದು ಹೆಂಡತಿಗೆ ಪೂರ್ತಿ ಕಥೆ ಹೇಳುತ್ತಿದ್ದನಂತೆ. “ಎಲ್ಲ ಸುಳ್ಳು,” ಎಂದು ಆಕೆ ನಕ್ಕರು. “ಆದ್ರೆ ಆಟಕ್ಕಿಂತ ಚಂದ ಇರ್ತಿತ್ತು.”

ಮನೆಗೆ ಬಂದು ಬರೆಯಲು ಕುಳಿತೆ. ನನ್ನ ನಾಯಕನ ಚಿಂತನೆ ಹನ್ನೆರಡು ಪುಟಕ್ಕಿಳಿಯಿತು. ಉಳಿದ ಜಾಗವನ್ನು ಕೊಡೆಯವನು ಹೆಂಡತಿ, ಮುಂಗೋಪ, ಅಪಸ್ವರದ ಹಾಡುಗಳ ಸಮೇತ ಆಕ್ರಮಿಸಿದ. ಕೊಲೆಗೆ ಮಾತ್ರ ಕಾರಣ ಕೊಡಲಿಲ್ಲ. ಪುಸ್ತಕ ಹೊರಬಂದಾಗ, ಲೇಖಕನಿಗೆ ಸತ್ತವನ ಮೇಲೆ ಅನಗತ್ಯ ಒಲವು ಎಂದು ವಿಮರ್ಶಕರೊಬ್ಬರು ಬರೆದರು. ಪೇದೆಯವರಿಗೆ ಓದಿ ಹೇಳಿದೆ.

“ಆ ಬರೆದವರಿಗೆ ಒಂದು ಸಮನ್ಸ್ ಕಳಿಸುವಾ?” ಎಂದರು.

ಕಳೆದ ವರ್ಷ ಅವರು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಉತ್ತರಕ್ರಿಯೆಗೆ ಎರಡು ಬಸ್ಸು ಬದಲಿಸಿ ಮೂಡುಬಿದಿರೆ ಕಡೆಯ ಆ ಅಮ್ಮ ಬಂದಿದ್ದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತು, “ಹೇಗೆ ಹೋದದ್ದು ಮಾಷ್ಟ್ರೇ?” ಎಂದು ಕೇಳಿದರು.

“ಪ್ರಾಯ ಆಗಿತ್ತಲ್ಲ ಅಮ್ಮ. ನಿದ್ದೆಯಲ್ಲೇ.”

“ಹಾಗಾದ್ರೆ ಕಾರಣ ಉಂಟು,” ಎಂದು ಸಮಾಧಾನದಿಂದ ಬಾಳೆಲೆಗೆ ನೀರು ಚಿಮುಕಿಸಿಕೊಂಡರು.