ತಂಗಿ ಮನೆಗೆಂದು ಹೊರಟ ಮಾರ್ಕೆಟ್ಟಾ

ಮಾರ್ಚ್ ತಿಂಗಳ ಬೆಳಗಿನ ಏಳು ಗಂಟೆ. ಹಿಮದ ಮೇಲೆ ಈಗಷ್ಟೇ ಬೂದು ಬೆಳಕು ಬೀಳುತ್ತಿದೆ. ಫಿನ್ಲೆಂಡಿನ ಉತ್ತರದ ಈ ಪುಟ್ಟ ಊರಿನ ಔಷಧಿ ಅಂಗಡಿಯ ಹಿಂಬದಿಯಲ್ಲಿ ಮಾರ್ಕೆಟ್ಟಾ ಸ್ಯಾಕ್ಕಿನೆನ್ ಬೂಟು ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ನಿಂತು ಪೆಟ್ಟಿಗೆ ಬಿಚ್ಚುತ್ತಿದ್ದಾರೆ. ಬೀಗದ ಕಪಾಟಿಗೆ ಸೇರಬೇಕಾದ ಡಬ್ಬಿಗಳಿಗೆ ಮೊದಲ ಸರದಿ.

ದಿನಕ್ಕೆ ನೂರಿಪ್ಪತ್ತು ಮಂದಿ ಬರುತ್ತಾರೆ. ಪ್ರತಿ ಡಬ್ಬಿಗೂ ಒಂದು ಅಂಟುಚೀಟಿ: ಯಾರಿಗೆ, ಯಾವ ಹೊತ್ತಿಗೆ, ಯಾತಕ್ಕೆ. ಕೊಡುವಾಗ ಅದನ್ನು ಓದಿ ಹೇಳುವುದು ರೂಢಿ. ಕಿವಿ ಮಂದವಾದ ಮುದುಕರಿಗೆ ಇಪ್ಪತ್ತಾರು ವರ್ಷ ಓದಿ ಓದಿ ಮಾರ್ಕೆಟ್ಟಾರ ಗಂಟಲು ದೊಡ್ಡದಾಗಿದೆ. ಇವರು ಓದಿದರೆ ಸರೋವರದ ಆಚೆ ದಡದವರೂ ಮಾತ್ರೆ ನುಂಗುತ್ತಾರೆಂದು ಊರಿನವರು ತಮಾಷೆ ಮಾಡುತ್ತಾರೆ.

ಆ ಗಂಟಲೇ ಅವರನ್ನು ಇವತ್ತಿಗೂ ನಾಚಿಸುತ್ತದೆ. ನಾಲ್ಕು ವರ್ಷದ ಹಿಂದೆ ಬಸ್ ಚಾಲಕ ವೇಯೊ ಮೊದಲ ಬಾರಿಗೆ ಎಡಿಎಚ್‌ಡಿ ಔಷಧಿ ಒಯ್ಯಲು ಬಂದಿದ್ದರು. "ಬೆಳಿಗ್ಗೆ ಒಂದು, ಗಮನ ನಿಲ್ಲದ ತೊಂದರೆಗೆ" ಎಂದು ಮಾರ್ಕೆಟ್ಟಾ ಎಂದಿನ ದನಿಯಲ್ಲೇ ಓದಿದರು. ಸರದಿ ಚೀಟಿ ಹಿಡಿದು ಹಿಂದೆ ಕೂತಿದ್ದ ಐವರಲ್ಲಿ ಒಬ್ಬ, ಅದಕ್ಕೇ ಇವನು ನಮ್ಮ ಸ್ಟಾಪು ಮರೆತು ಹೋಗುವುದು ಎಂದ. ಎಲ್ಲರೂ ನಕ್ಕರು. "ನಾನೂ ನಕ್ಕುಬಿಟ್ಟೆ. ಅವನ ಕಿವಿ ಕೆಂಪಾಗಿದ್ದು ಕಂಡ ಮೇಲೂ ನಕ್ಕೆ" ಎನ್ನುತ್ತಾರೆ ಮಾರ್ಕೆಟ್ಟಾ, ಮುಖ ಎತ್ತದೆ. ವೇಯೊ ಮತ್ತೆ ಈ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷದ ಬಳಿಕ, ಐವತ್ಮೂರನೆಯ ವಯಸ್ಸಿಗೆ, ಅದೇ ತೊಂದರೆ ತಮಗೂ ಇದೆಯೆಂದು ಮಾರ್ಕೆಟ್ಟಾರಿಗೆ ವೈದ್ಯರಿಂದ ತಿಳಿಯಿತು. ಔಷಧಿಗಳ ವಿವರವೆಲ್ಲ ಅವರಿಗೆ ಬಾಯಿಪಾಠ. ಒಂದು ಬೇಗ ಹಿಡಿದು ಕೆಲವೇ ಗಂಟೆಯಲ್ಲಿ ಇಳಿಯುತ್ತದೆ, ಇನ್ನೊಂದು ಬೆಳಿಗ್ಗೆ ನುಂಗಿದರೆ ಸಂಜೆವರೆಗೆ ಹಿಡಿದಿರುತ್ತದೆ. ಇವು ಒಗ್ಗದವರಿಗೆ ಬೇರೆ ಬಗೆಯದೂ ಉಂಟು, ಅದರ ಗುಣ ಕಾಣಲು ವಾರಗಟ್ಟಲೆ ತಾಳಬೇಕು. ಹಸಿವು, ನಿದ್ದೆ, ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಮಾರ್ಕೆಟ್ಟಾರಿಗೆ ಮೊದಲನೆಯ ಮಾತ್ರೆಯಿಂದ ಎದೆ ಡವಡವ ಎಂದಿತು. ವೈದ್ಯರು ಬದಲಿಸಿಕೊಟ್ಟದ್ದು ಒಗ್ಗಿತು.

ಆದರೆ ಅದನ್ನು ತಮ್ಮ ಅಂಗಡಿಯಲ್ಲಿ ಪಡೆಯಲು ಧೈರ್ಯ ಬರಲಿಲ್ಲ. ಎಂಬತ್ತೈದು ಕಿಲೋಮೀಟರ್ ದೂರದ ರೊವಾನಿಯೆಮಿ ನಗರಕ್ಕೆ ಹೋಗುತ್ತಿದ್ದರು, ಅದೂ ವೇಯೊ ಓಡಿಸುವ ಬಸ್ಸಿನಲ್ಲೇ. ತಂಗಿಯನ್ನು ನೋಡಲು ಹೊರಟೆ ಎಂದು ಪ್ರತಿ ಸಲವೂ ಅವರಿಗೆ ಸುಳ್ಳು. ಕಳೆದ ಶರತ್ಕಾಲದ ಒಂದು ದಿನ ಅಲ್ಲಿನ ಔಷಧಿ ಅಂಗಡಿಯಲ್ಲಿ ನಲವತ್ತೇಳನೆಯ ಚೀಟಿ ಹಿಡಿದು ಕೂತಿದ್ದಾಗ, ನಲವತ್ತೆಂಟನೆಯದನ್ನು ಹಿಡಿದವರು ಪಕ್ಕಕ್ಕೆ ಬಂದು ಕೂತರು. ವೇಯೊ!

"ತಂಗಿ ಮನೆ ಇದೇನಾ?" ಎಂದರಂತೆ.

ವಾಪಸ್ಸು ಬರುವಾಗ ಮಾರ್ಕೆಟ್ಟಾ ಮುಂದಿನ ಸೀಟಿನಲ್ಲಿ ಕೂತರು. ಅರ್ಧ ದಾರಿ ಕಳೆದ ಮೇಲೆ, ಅಂದು ಜೋರಾಗಿ ಓದಿದ್ದಕ್ಕೆ ಕ್ಷಮೆ ಕೇಳಿದರು. ವೇಯೊ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಓದಿದ್ದು ನಿನ್ನ ಕೆಲಸ, ಬಿಡು. ನೀನು ನಕ್ಕಿದ್ದೇ ನಂಗೆ ಮರೆಯೋಕಾಗ್ಲಿಲ್ಲ."

ಈಗ ಮಾರ್ಕೆಟ್ಟಾ ಡಬ್ಬಿಯನ್ನು ಗಿರಾಕಿಯತ್ತ ತಿರುಗಿಸಿ, ಅಂಟುಚೀಟಿಯ ಮೇಲೆ ಬೆರಳಿಟ್ಟು, ಇಬ್ಬರಿಗಷ್ಟೇ ಕೇಳುವಂತೆ ಓದುತ್ತಾರೆ. ಈ ಕತೆ ಬರೆಯಲು ವೇಯೊ ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಊರಿಗೆಲ್ಲ ಅಂದೇ ಗೊತ್ತಾಗಿದೆಯಲ್ಲ ಎಂದು. ಅಂಗಡಿಗೆ ಮಾತ್ರ ಇನ್ನೂ ಬಂದಿಲ್ಲ. ಅವರೊಮ್ಮೆ ಬರಲಿ ಎಂಬುದೊಂದೇ ಮಾರ್ಕೆಟ್ಟಾರ ಆಸೆ.

ಕಳೆದ ವಾರ ಮಾರ್ಕೆಟ್ಟಾ ತಮ್ಮ ಔಷಧಿಗಾಗಿ ತಮ್ಮ ಅಂಗಡಿಯಲ್ಲೇ ಸರದಿ ಚೀಟಿ ಹಿಡಿದು ಕೂತರು. ಹಿಂದೆ ಆರು ಮಂದಿ. ಸಹೋದ್ಯೋಗಿ ಪೈವಿ ಅಂಟುಚೀಟಿಯನ್ನು ಪಿಸುದನಿಯಲ್ಲಿ ಓದತೊಡಗಿದಾಗ, ಜೋರಾಗಿ ಓದು ಎಂದು ತಾವೇ ಹೇಳಿದರು. ಪೈವಿ ಓದಿದರು.

"ಮೈಯೆಲ್ಲ ಬೆವೆತುಹೋಯ್ತು. ಯಾರೂ ನಗಲಿಲ್ಲ" ಎನ್ನುತ್ತಾರೆ ಮಾರ್ಕೆಟ್ಟಾ. "ಅವತ್ತು ಅವನ ಚೀಟಿ ಓದಿದಾಗ್ಲೂ ಯಾರೂ ನಗಬಾರ್ದಿತ್ತು."