ಗಡಿ ಬಡಿಯುವ ಗುರುಪಾದ ಕಾಕಾ

ಗುರುಪಾದ ಕಾಕಾ ಮಳೆಗೆ ಛತ್ರಿ ಬಿಚ್ಚಿದ್ದನ್ನು ನಾನು ನೋಡಲೇ ಇಲ್ಲ. ಅವರ ಛತ್ರಿ ಇದ್ದದ್ದು ಕಂಬಕ್ಕೆ ಬಡಿಯಲು. ಪ್ರತಿ ರಾಜ್ಯೋತ್ಸವದ ಮುಂಜಾನೆ ವಿಕ್ಟೋರಿಯಾ ಪಾರ್ಕ್ ರಸ್ತೆಗುಂಟ ನಡೆಯುತ್ತ, ಸಿಕ್ಕ ಸಿಕ್ಕ ಲೈಟಿನ ಕಂಬಕ್ಕೆ ಠಣ್ ಎಂದು ಒಂದೇಟು ಕೊಟ್ಟು, "ಇಲ್ಲೀತನಾ ನಮ್ಮೂರ!" ಎನ್ನುತ್ತಿದ್ದರು. ಈ ಬದಿ ನಾರ್ತ್ ಯಾರ್ಕ್, ಆ ಬದಿ ಸ್ಕಾರ್ಬರೋ. ಎರಡನ್ನೂ ಟೊರಾಂಟೊದೊಳಗೆ ಸೇರಿಸಿ ಎಷ್ಟೋ ವರ್ಷವಾಗಿತ್ತು. ಕಾಕಾ ಮಾತ್ರ ಒಪ್ಪಿರಲಿಲ್ಲ.

ಒಮ್ಮೆ ಪೊಲೀಸ್ ಕಾರು ನಿಂತು, ಕಂಬಕ್ಕೇಕೆ ಹೊಡೆಯುತ್ತೀರಿ ಎಂದು ಕೇಳಿತು. "ಚೆಕಿಂಗ್ ದ ಬೌಂಡರಿ, ಆಫೀಸರ್. ಸ್ಟಿಲ್ ಹಿಯರ್!" ಎಂದರು ಕಾಕಾ. ಪೊಲೀಸಿನವ ನಕ್ಕು ಹೋದ.

ಕಾಕಾ ಗೋಕಾಕದ ಕಡೆಯವರು. ಹರೆಯದಲ್ಲೇ ಇಂಗ್ಲೆಂಡಿನ ಹೋಲ್ಡನ್‌ಬೆಕ್ ಎಂಬ ಗಿರಣಿ ಊರಿಗೆ ಹೋಗಿ ಉಣ್ಣೆ ನೇಯ್ದವರು. ವರ್ಷಕ್ಕೊಮ್ಮೆ ಊರಿನ ಸುತ್ತ ನಡೆದು ಗಡಿಕಲ್ಲುಗಳನ್ನು ಕೋಲಿನಿಂದ ಬಡಿಯುವುದು ಅಲ್ಲಿಯ ಹಳೆಯ ಪದ್ಧತಿಯಂತೆ. ಪಕ್ಕದ ದೊಡ್ಡ ಶಹರು ಆ ಊರನ್ನು ಒಳಗೆ ಹಾಕಿಕೊಂಡ ಮೇಲೂ ಏಳೆಂಟು ಜನ ಹಟ ಹಿಡಿದು ನಡೆದರು. ಅವರಲ್ಲಿ ಕಾಕಾ ಒಬ್ಬರು. ಆಮೇಲೆ ಟೊರಾಂಟೊಗೆ ಬಂದರೂ ಆ ಹಟ ಬಿಡಲಿಲ್ಲ.

"ಹೋಲ್ಡನ್‌ಬೆಕ್‌ದಾಗ ಮೊದಲ ಕಸದ ಗಾಡಿ ಒಂದ ಮಾಡಿದ್ರಪಾ. ಚಲೋ ಆತು ಅಂದ್ವಿ. ಆಮ್ಯಾಲ ಲೈಬ್ರರಿ. ಕಡೀಕ ಟೌನ್ ಹಾಲಿಗೆ ಕೀಲಿ ಜಡದ್ರು. ನಾ ಮನಿ ಬಿಟ್ಟ ಅಲುಗಿಲ್ಲ ತಮ್ಮಾ, ಊರ ಹೋತು!"

"ಏಕೀಕರಣದ ದಿನಾನ ಬ್ಯಾರೆ ಬ್ಯಾರೆ ಅಂತೀರಲ್ಲ ಕಾಕಾ?" ಎಂದು ನಾನು ಕೆಣಕಿದ್ದೆ.

"ನಮ್ಮವರು ಬೇಕಂತ ಕೂಡಿದ್ರು. ಇಲ್ಲಿ ಜನಾ ಬ್ಯಾಡಂದ್ರೂ ಸರಕಾರದವರು ಕೂಡಿಸಿದ್ರು. ಎರಡೂ ಒಂದೇನ?"

ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಟಿ ರೂಮಿನಲ್ಲಿ ಕನ್ನಡ ಓದುವ ಕೂಟ ಕಟ್ಟಿದವರೂ ಅವರೇ. ನಾನು ತಡವಾಗಿ ಶಾಲೆ ಕಂಡವ. ನಾಲ್ಕು ಜನರೆದುರು ಗಟ್ಟಿಯಾಗಿ ಓದಿದ್ದು ಅಲ್ಲೇ ಮೊದಲು. ತಡವರಿಸಿದರೆ ಕಾಕಾ, "ಸಾವಕಾಶ ಓದೋ, ಬಸ್ಸೇನ ಹೋಗೂದಿಲ್ಲ" ಎನ್ನುತ್ತಿದ್ದರು.

ಟೊರಾಂಟೊ ಪಕ್ಕದ ಮಿಸಿಸಾಗದ ದೊಡ್ಡ ಕನ್ನಡ ಕೂಟದಿಂದ ಬೆಂಗಳೂರಿನ ಸತೀಶ್ ಒಮ್ಮೆ ಬಂದರು. ಒಳ್ಳೆಯ ಮನುಷ್ಯ. "ಕಾಕಾ, ಸದ್ಯಕ್ಕೆ ಹಾಲ್ ಬುಕಿಂಗ್ ಮಾತ್ರ ಒಟ್ಟಿಗೆ ಮಾಡೋಣ. ಮಿಕ್ಕಿದ್ದು ಆಮೇಲೆ ನೋಡಿದ್ರಾಯ್ತು."

"ಕಸದ ಗಾಡಿ ಬಂತು ನೋಡ್ರೋ!" ಎಂದರು ಕಾಕಾ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಸತೀಶ್ ಪಿಳಿಪಿಳಿ ನೋಡಿದರು. ಕಾಕಾ ನಗಲಿಲ್ಲ. ಕಾರಿಲ್ಲದ ನಮ್ಮಂಥವರಿಗೆ ಮಿಸಿಸಾಗ ಎಂದರೆ ಅರ್ಧ ದಿನದ ದಾರಿ. ಕೂಟ ಅಲ್ಲಿಗೆ ಹೋದರೆ ನಮ್ಮ ಓದು ಮುಗಿದಂತೆಯೇ. "ಉಣ್ಣಾಕ ಕರೀರಿ, ಬರ್ತೀವಿ. ನುಂಗಾಕ ಬರಬ್ಯಾಡ್ರಿ" ಎಂದು ಸತೀಶರ ಕೈಗೆ ಚಹಾ ಕೊಟ್ಟರು.

ಈ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಮಗಳು ಛತ್ರಿಯನ್ನು ನನಗೆ ಕೊಟ್ಟಳು.

ರಾಜ್ಯೋತ್ಸವದ ಮುಂಜಾನೆ ಸತೀಶ್ ಮತ್ತೆ ಬಂದರು. ನಾವು ಐದಾರು ಜನ ಗಡಿ ಬಡಿಯಲು ಹೊರಟು ನಿಂತಿದ್ದೆವು. "ಬರ್ರಿ, ನಡಕೋತ ಮಾತಾಡೂಣು" ಎಂದೆ. ವಿಕ್ಟೋರಿಯಾ ಪಾರ್ಕಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು, ಕೊರೆಯುವ ಮಳೆ.

"ಹಿರಿಯರು ಇಲ್ಲ. ಈಗಲಾದ್ರೂ ಒಂದಾಗೋಣ್ವಾ?" ಎಂದರು ಸತೀಶ್.

"ಇಲ್ರೀ" ಎಂದೆ. ಸಭೆಯಲ್ಲಿ ಬಾಯಿ ಬಿಡದ ನನ್ನಿಂದ ಅದು ಸಲೀಸಾಗಿ ಬಂತು.

ಅವರು ತಮ್ಮ ಜಾಕೆಟ್ಟಿನ ಟೊಪ್ಪಿಗೆ ತಲೆಗೆ ಎಳೆದುಕೊಂಡರು. ಆಮೇಲೆ ನನ್ನ ತಲೆಯಿಂದ ಇಳಿಯುತ್ತಿದ್ದ ನೀರು ನೋಡಿ, "ಅಣ್ಣಾ, ಪೂರ್ತಿ ನೆಂದಿದ್ದೀರ. ಆ ಛತ್ರಿನಾದ್ರೂ ಬಿಚ್ಚಿ" ಎಂದರು.

"ಇದು ಬಿಚ್ಚೂ ಛತ್ರಿ ಅಲ್ರೀ" ಎಂದು ಮುಂದಿನ ಕಂಬಕ್ಕೆ ಬಡಿದೆ.