ಇಬ್ಬರಿಗೆ ಒಂದೇ ಡೈವ್ ಕಂಪ್ಯೂಟರ್

ನನ್ನ ಗಂಡ ಹೋಟೆಲ್ ಮನೆತನದವರು. ಉಡುಪಿ ಕಡೆಯಿಂದ ಬಂದ ಮಾವನವರು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹಾಕಿದ ಹೋಟೆಲ್ ಈಗಲೂ ನಡೆಯುತ್ತಿದೆ. ಸಣ್ಣವು ಎರಡು ತರುವ ಬದಲು ದೊಡ್ಡದೊಂದು, ಒಳ್ಳೆಯದೊಂದು ತಂದು ಎಲ್ಲರೂ ಬಳಸಬೇಕು ಎನ್ನುವುದು ಆ ಮನೆಯ ಪದ್ಧತಿ. ಗ್ರೈಂಡರೂ ಹಾಗೆಯೇ, ಕಾರೂ ಹಾಗೆಯೇ. ನಾನೋ ಧಾರವಾಡದವಳು, ನನ್ನ ಬಾಚಣಿಗೆ ಇನ್ನೊಬ್ಬರು ಮುಟ್ಟಿದರೆ ಸಿಡುಕುವವಳು. ಅಂಥವಳು ಡೈವ್ ಕಂಪ್ಯೂಟರ್ ಕೊಳ್ಳುವಾಗ ಮಾತ್ರ ಯಾಕೆ ಬಾಯಿಗೆ ಬೀಗ ಹಾಕಿಕೊಂಡೆನೋ! ಅದಕ್ಕೆ ಇವತ್ತಿಗೂ ನನ್ನ ಮೇಲೆಯೇ ನನಗೆ ಸಿಟ್ಟಿದೆ.

ನಾವಿಬ್ಬರೂ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಕಲಿತದ್ದು ನಲವತ್ತು ದಾಟಿದ ಮೇಲೆ, ನವಿ ಮುಂಬಯಿಯ ನೆರೂಳಿನ ಒಂದು ಈಜುಕೊಳದಲ್ಲಿ, ಭಾನುವಾರದ ಬೆಳಗುಗಳಲ್ಲಿ. ಕಲಿಸಿದವರು ಕಾರವಾರದವರು, ನೌಕಾಪಡೆಯಿಂದ ನಿವೃತ್ತರಾದವರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಅವರ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುವುದು ನಿಶ್ಚಯವಾದಾಗ ಅವರು ಹೇಳಿದ್ದರು, "ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಬೇಕು. ಸಾದಾದ್ದಾದರೂ ಅಡ್ಡಿಯಿಲ್ಲ."

ಅದು ಕೈಗಡಿಯಾರದಂಥ ವಸ್ತು. ಎಷ್ಟು ಆಳದಲ್ಲಿದ್ದೇವೆ, ಅಲ್ಲಿ ಇನ್ನೆಷ್ಟು ನಿಮಿಷ ಇರಬಹುದು, ಮೇಲೆ ಬರುವಾಗ ಅವಸರ ಮಾಡುತ್ತಿದ್ದೇವೆಯೇ, ಎಲ್ಲವನ್ನೂ ತೋರಿಸುತ್ತದೆ. ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಸೇರಿಕೊಳ್ಳುತ್ತದೆ. ಹೆಚ್ಚು ಹೊತ್ತು ಇದ್ದು ಗಡಿಬಿಡಿಯಲ್ಲಿ ಮೇಲೆ ಬಂದರೆ ಅದೇ ಗುಳ್ಳೆಗಳಾಗಿ ಕೀಲು ಹಿಡಿಯಬಹುದು, ಪ್ರಾಣಕ್ಕೂ ಕುತ್ತು ತರಬಹುದು. ಇದನ್ನೆಲ್ಲ ನಾವು ಪುಸ್ತಕದಲ್ಲಿ ಓದಿ, ಪರೀಕ್ಷೆ ಬರೆದು, ಪಾಸೂ ಆಗಿದ್ದೆವು.

ಆದರೂ ಮನೆಗೆ ಬರುವಾಗ ಕಾರಿನಲ್ಲಿ ಇವರು, "ಅವರಿಗೆ ಅಂಗಡಿಯವನಿಂದ ಕಮಿಷನ್ ಇರ್ತದೆ ಮಾರಾಯ್ತಿ. ಎರಡು ಸಾದಾ ತೆಗೊಳ್ಳುವ ಬದಲು ಒಂದು ಫಸ್ಟ್ ಕ್ಲಾಸ್ ತೆಗೊಳ್ಳುವ. ನೀನು ಹೇಗೂ ನನ್ನ ಹತ್ರವೇ ಇರ್ತೀಯಲ್ಲ" ಎಂದರು.

"ಹಂಗಾರ ಅದನ್ನ ಕಟ್ಟಿಕೊಳ್ಳೋರು ಯಾರು?"

"ಇದೆಂತ ಪ್ರಶ್ನೆ? ನಾನೇ."

ಹೀಗೆ ಬಣ್ಣದ ಪರದೆಯ, ದಿಕ್ಸೂಚಿಯಿದ್ದ, ಸಿಲಿಂಡರಿನ ಗಾಳಿ ಎಷ್ಟುಳಿದಿದೆ ಎಂದೂ ಹೇಳುವ ದೊಡ್ಡದೊಂದು ಇವರ ಕೈಗೆ ಬಂತು. ದೋಣಿಯಲ್ಲಿ ಸರ್ "ಇಬ್ಬರ ಹತ್ತಿರವೂ ಇದೆಯಲ್ಲ?" ಎಂದು ಕೇಳಿದಾಗ ಇವರು "ಉಂಟು ಉಂಟು" ಎಂದುಬಿಟ್ಟರು. ನಾನು ನನ್ನ ಡೈವ್ ಸೂಟಿನ ತೋಳನ್ನು ಬರಿದಾದ ಮಣಿಕಟ್ಟಿನ ಮೇಲೆ ಎಳೆದುಕೊಂಡೆ. ಸುಳ್ಳಿನಲ್ಲಿ ನನ್ನದೂ ಪಾಲಿದೆ, ಒಪ್ಪಿಕೊಳ್ಳುತ್ತೇನೆ.

ನೀರೊಳಗೆ ಎಲ್ಲ ಚೆನ್ನಾಗಿಯೇ ಇತ್ತು. ಬಂಡೆಯ ಪಕ್ಕ ಆಮೆಯೊಂದು ನಿಧಾನವಾಗಿ ಕೆಳಗಿಳಿಯಿತು. ಅಯ್ಯೋ, ಏನು ಚೆಂದ ಅಂತೀರಿ! ಮೈಮರೆತು ನಾನೂ ಇಳಿದೆ. ತಲೆಯೆತ್ತಿದರೆ ಇವರು ಬಹಳ ಮೇಲಿದ್ದರು, ಜೋರಾಗಿ ಕೈಬೀಸುತ್ತಿದ್ದರು. ಗಾಬರಿಬಿದ್ದು ಸರ್ರನೆ ಅವರತ್ತ ಏರಿದೆ. ದೋಣಿ ಹತ್ತಿದ ಸ್ವಲ್ಪ ಹೊತ್ತಿಗೆ ಬಲಭುಜ ಹಿಡಿದುಕೊಂಡಿತು.

ಸರ್ ನನ್ನ ಮುಂದೆ ಕೂತರು. "ಎಷ್ಟು ಆಳ ಹೋಗಿದ್ದಿರಿ?"

ಇವರು ಕೈ ಮುಂದೆ ಚಾಚಿದರು. "ಹನ್ನೆರಡು ಮೀಟರ್, ಸರ್. ನೋಡಿ."

"ಅದು ನಿಮ್ಮ ಕೈಯದ್ದು. ನಾನು ಕೇಳಿದ್ದು ಅವರದ್ದು."

ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಇಂಥದ್ದಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆ ಅಲ್ಲಿಂದ ಬಲು ದೂರ.

ಸರ್ ಬೈಯಲಿಲ್ಲ. ನನ್ನನ್ನು ಮಲಗಿಸಿ ಮೂಗಿಗೆ ಆಕ್ಸಿಜನ್ ಹಿಡಿದರು. ಎರಡನೆಯ ಡೈವ್ ರದ್ದು ಮಾಡಿ, ದೋಣಿಯನ್ನು ದಡಕ್ಕೆ ತಿರುಗಿಸಿದರು. ದಾರಿಯುದ್ದಕ್ಕೂ ನನ್ನಿಂದ ಬೆರಳು ಮಡಚಿಸಿ, ಕಾಲು ಎತ್ತಿಸಿ, ಜುಮ್ಮೆನ್ನುತ್ತಿದೆಯಾ ಎಂದು ವಿಚಾರಿಸುತ್ತಲೇ ಇದ್ದರು. ಮುರುಡೇಶ್ವರದಲ್ಲಿ ಡಾಕ್ಟರು ಪರೀಕ್ಷಿಸಿ, ಸಿಲಿಂಡರ್ ಎತ್ತುವಾಗ ಸ್ನಾಯು ಉಳುಕಿದ್ದಷ್ಟೇ ಎಂದ ಮೇಲೆ ಸರ್ ಇವರ ಭುಜದ ಮೇಲೆ ಕೈಯಿಟ್ಟರು. "ನಿಮ್ಮ ಹೆಂಡತಿಯ ರೈಲ್ವೆ ಪಾಸಿನಲ್ಲಿ ನೀವು ವಾಶಿಗೆ ಹೋಗ್ತೀರೇನ್ರಿ? ಟಿಸಿ ಬಿಡ್ತಾನಾ? ಇದೂ ಹಾಗೇ. ಒಬ್ಬರ ಮೈಯ ಲೆಕ್ಕ ಇನ್ನೊಬ್ಬರಿಗೆ ಬರೋದಿಲ್ಲ."

ಆ ಮನುಷ್ಯನ ಉಪಕಾರ ನಾನು ಯಾವ ಜನ್ಮದಲ್ಲಿ ತೀರಿಸಲಿ? ಅವರ ಮೇಲೆ ಕಮಿಷನ್ನಿನ ಗುಮಾನಿ ಪಟ್ಟವರು ನಾವು.

ಮುಂಬಯಿಗೆ ಮರಳಿದ ವಾರವೇ ಇವರು ಆ ದೊಡ್ಡದನ್ನು ಮಾರಿಬಿಟ್ಟು, ನನ್ನನ್ನು ವಾಶಿಯ ಅಂಗಡಿಗೆ ಕರೆದುಕೊಂಡು ಹೋದರು. "ನೀನೇ ಆರಿಸು" ಎಂದು ಹಿಂದೆ ಸರಿದು ನಿಂತರು. ನಾನು ಕನ್ನಡಕ ತೆಗೆದು ಪರ್ಸಿಗೆ ಹಾಕಿದೆ. ಸಮುದ್ರದೊಳಗೆ ಚಾಳೀಸು ಎಲ್ಲಿಂದ ತರಲಿ? ಒಂದೊಂದನ್ನೂ ಹತ್ತಿರ ಹಿಡಿದು, ದೂರ ಹಿಡಿದು, ಬೆಳಕು ಕಡಿಮೆಯಿದ್ದ ಮೂಲೆಗೆ ಒಯ್ದು ನೋಡಿದೆ. ಅಂಗಡಿಯವರು ಹೊಸ ಹೊಸ ಸೌಲಭ್ಯಗಳನ್ನು ಹೇಳತೊಡಗಿದಾಗ, "ಅದೆಲ್ಲ ಬ್ಯಾಡ್ರಿ, ಅಂಕಿ ದಪ್ಪ ಇರಬೇಕು, ಗುಂಡಿ ಒಂದೋ ಎರಡೋ ಸಾಕು" ಎಂದೆ. ಸಿಕ್ಕಿದ್ದು ಕಪ್ಪು ಬಿಳುಪಿನದು, ನೋಡಲು ಏನೇನೂ ಚೆಂದವಿಲ್ಲ. ಮೇಲೇರುವ ವೇಗ ಹೆಚ್ಚಾದರೆ ಕೀಂ ಎಂದು ಕೂಗುತ್ತದೆ. ಇವರು ಅಂಥದ್ದೇ ಇನ್ನೊಂದನ್ನು ತಮಗೂ ಕಟ್ಟಿಸಿಕೊಂಡರು.

ಮರುವರ್ಷ ಮತ್ತೆ ನೇತ್ರಾಣಿಗೆ ಹೋದೆವು. ಬಂಡೆಸಂದಿಯಿಂದ ಹಾವಿನಂಥ ಒಂದು ಈಲ್ ಮೀನು ತಲೆ ಹೊರಹಾಕಿತ್ತು, ಇವರು ಅದನ್ನೇ ನೋಡುತ್ತಿದ್ದರು. ನಾನು ಅವರಿಗಿಂತ ತುಸು ಕೆಳಗಿದ್ದೆ. ನನ್ನ ಪರದೆಯಲ್ಲಿ ಉಳಿದ ನಿಮಿಷ ಐದಕ್ಕೆ ಇಳಿದಿತ್ತು. ಅವರಿಗೆ ಇನ್ನೂ ಬೇಕಾದಷ್ಟು ಹೊತ್ತು ಇದ್ದಿರಬೇಕು. ಭುಜ ತಟ್ಟಿ ನನ್ನ ಮಣಿಕಟ್ಟನ್ನು ಅವರ ಮುಖದ ಮುಂದೆ ಹಿಡಿದೆ. ಅವರು ತಮ್ಮ ಕೈಯನ್ನು ನೋಡಿಕೊಳ್ಳಲೇ ಇಲ್ಲ. ನನ್ನ ಅಂಕಿಯನ್ನಷ್ಟೇ ನೋಡಿ, ಮೇಲೆ ಹೋಗೋಣ ಎಂದು ಹೆಬ್ಬೆರಳೆತ್ತಿ, ನನ್ನ ಕೈ ಹಿಡಿದುಕೊಂಡರು.